ಇಪ್ಪತ್ತು ನಿಮಿಷ, ಒಂದೇ ಪ್ರಮೇಯ: ಥಿಯರಿ ಸಮ್ಮೇಳನಕ್ಕೆ ಪ್ರಬಂಧ ಒಯ್ಯುವ ಬಗೆ

ಪ್ರಶ್ನೆ: ಧಾರವಾಡದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಇ-ಟೆಂಡರ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಹರಾಜು ಸಿದ್ಧಾಂತದ ಒಂದು ಪ್ರಬಂಧ ಬರೆದಿದ್ದೇನೆ. 38 ಪುಟ, ನಾಲ್ಕು ಪ್ರಮೇಯ. ನಮ್ಮ ವಿಭಾಗದಲ್ಲಿ ಥಿಯರಿ ಮಾಡುವವರು ಯಾರೂ ಇಲ್ಲ. ಯಾವ ಸಮ್ಮೇಳನಕ್ಕೆ ಕಳಿಸಬೇಕು? ಆಯ್ಕೆಯಾದರೆ 20 ನಿಮಿಷದಲ್ಲಿ ಇಷ್ಟನ್ನೆಲ್ಲ ಹೇಗೆ ಹೇಳುವುದು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡೋಣ, ಮೊದಲನೆಯದು ಅದರ ಮೇಲೇ ನಿಂತಿದೆ. ಇಷ್ಟನ್ನೆಲ್ಲ ಹೇಳಬೇಡಿ. ನಾಲ್ಕು ಪ್ರಮೇಯಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಥಿಯರಿ ಸೆಷನ್‌ನಲ್ಲಿ ಕೂತವರಿಗೆ ಬೇಕಿರುವುದು ಮೂರೇ ಸಂಗತಿ: ಫಲಿತಾಂಶ ಏನು, ಯಾವ ಊಹೆಯ ಬಲದಿಂದ ಅದು ನಿಂತಿದೆ, ಆ ಊಹೆ ತೆಗೆದರೆ ಏನಾಗುತ್ತದೆ. ಇದಕ್ಕೆ 20 ನಿಮಿಷ ಸಾಕು. ಉಳಿದ ಮೂರು ಪ್ರಮೇಯ ಪ್ರಬಂಧದಲ್ಲಿ ಇದ್ದೇ ಇರುತ್ತವೆ, ಬೇಕಾದವರು ಓದಿಕೊಳ್ಳುತ್ತಾರೆ.

ಇನ್ನು ಎಲ್ಲಿಗೆ ಕಳಿಸುವುದು. ಭಾರತದಲ್ಲಿ ಥಿಯರಿಗೆ ಡಿಸೆಂಬರ್ ತಿಂಗಳೇ ಹಂಗಾಮು. ದಿಲ್ಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ನಡೆಸುವ ವಾರ್ಷಿಕ ಸಮ್ಮೇಳನದ ಹೆಸರಿನಲ್ಲಿ ಬೆಳವಣಿಗೆ ಮತ್ತು ಅಭಿವೃದ್ಧಿ ಎಂದಿದ್ದರೂ ಅಲ್ಲಿ ಥಿಯರಿಗೂ ಜಾಗವಿದೆ. ಮೆಕ್ಯಾನಿಸಂ ಡಿಸೈನ್‌ನಲ್ಲಿ, ಅಂದರೆ ಬೇಕಾದ ಫಲ ಬರುವಂತೆ ಹರಾಜಿನಂಥ ವ್ಯವಸ್ಥೆಗಳ ನಿಯಮ ಹೆಣೆಯುವ ಶಾಸ್ತ್ರದಲ್ಲಿ, ಭಾರತದ ಗಟ್ಟಿ ನೆಲೆ ಅದೇ. 2012ರ ಇನ್ಫೋಸಿಸ್ ಪ್ರಶಸ್ತಿ ಪಡೆದ ಅರುಣವ ಸೇನ್ ಅವರ ಹೆಚ್ಚಿನ ಕೆಲಸ ಅಲ್ಲಿಂದಲೇ ಬಂದದ್ದು. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿಂಟರ್ ಸ್ಕೂಲ್ ಕೂಡ ಅದೇ ತಿಂಗಳಲ್ಲಿ ನಡೆಯುತ್ತದೆ. ಅಲ್ಲಿ ಹಿರಿಯರ ಉಪನ್ಯಾಸಗಳ ಜೊತೆಗೆ ಪ್ರಬಂಧ ಮಂಡನೆಗೂ ಅವಕಾಶ ಇರುವುದರಿಂದ ನಿಮ್ಮ ಹಂತದವರಿಗೆ ಹೇಳಿ ಮಾಡಿಸಿದಂತಿದೆ.

ಹೊರದೇಶದಲ್ಲಿ ಗೇಮ್ ಥಿಯರಿಯವರ (ಒಬ್ಬರ ಲಾಭ ಇತರರ ನಡೆಯ ಮೇಲೂ ನಿಂತಿರುವ ಸಂದರ್ಭಗಳನ್ನು ಗಣಿತದಿಂದ ನೋಡುವವರ) ಬೇಸಿಗೆ ಜಾತ್ರೆ ನಡೆಯುವುದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ. ಗೇಮ್ ಥಿಯರಿ ಸೊಸೈಟಿಯ ವಿಶ್ವ ಸಮ್ಮೇಳನ ನಾಲ್ಕು ವರ್ಷಕ್ಕೊಮ್ಮೆ, 2024ರದು ಬೀಜಿಂಗ್‌ನಲ್ಲಿ ಆಯಿತು. ಎಕನಾಮೆಟ್ರಿಕ್ ಸೊಸೈಟಿಯ ವಿಶ್ವ ಸಮ್ಮೇಳನ ಐದು ವರ್ಷಕ್ಕೊಮ್ಮೆ, 2025ರದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆಯಿತು. ಅದರ ಏಷ್ಯಾ ಸಮ್ಮೇಳನ ನಿಮಗೆ ಹೆಚ್ಚು ಹತ್ತಿರ. ಸೋಷಿಯಲ್ ಚಾಯ್ಸ್‌ನವರು (ಮತದಾನದಂಥ ಸಾಮೂಹಿಕ ಆಯ್ಕೆಯನ್ನು ಅಧ್ಯಯನ ಮಾಡುವವರು) ಎರಡು ವರ್ಷಕ್ಕೊಮ್ಮೆ ಸೇರುತ್ತಾರೆ, 2012ರಲ್ಲಿ ದಿಲ್ಲಿಗೇ ಬಂದಿದ್ದರು. ಆದರೆ ನಿಮ್ಮ ವಿಷಯಕ್ಕೆ ಅದು ಸ್ವಲ್ಪ ದೂರ. ಕಂಪ್ಯೂಟರ್ ಸೈನ್ಸ್ ಕಡೆಯಿಂದ ಬಂದ, ಆ ಕ್ಷೇತ್ರದವರ ಸಂಘವಾದ ಎಸಿಎಂನ 'ಎಕನಾಮಿಕ್ಸ್ ಅಂಡ್ ಕಂಪ್ಯುಟೇಶನ್' ಸಮ್ಮೇಳನ ಹರಾಜಿನ ಪ್ರಬಂಧಗಳಿಗೆ ಬಲು ಪ್ರಿಯವಾದ ಜಾಗ. ಆಯ್ಕೆ ಮಾತ್ರ ಬಿಗಿ. ನಿಮ್ಮ ಮೊದಲ ಪ್ರಯತ್ನಕ್ಕೆ ದಿಲ್ಲಿಯೇ ಸರಿ.

ದಿಲ್ಲಿಗೂ ಮುಂಚೆ ಬೆಂಗಳೂರು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರದಲ್ಲಿ ಅರ್ಥಶಾಸ್ತ್ರದ ಘಟಕವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ವೈ. ನರಹರಿಯವರು ಕಟ್ಟಿದ ಗೇಮ್ ಥಿಯರಿ ಪರಂಪರೆ ಇದೆ. ಎರಡು ಪ್ಯಾರಾದ ಮೇಲ್, ಜೊತೆಗೆ ಪ್ರಬಂಧದ ಪಿಡಿಎಫ್ ಕಳಿಸಿ, ಸೆಮಿನಾರ್ ಕೊಡಲು ಅವಕಾಶ ಕೇಳಿ. ನಿಮ್ಮ ವಿಭಾಗದಲ್ಲಿ ಥಿಯರಿಯವರಿಲ್ಲ ಎಂದರೆ ನಿಮ್ಮ ಪ್ರೂಫ್ ಅನ್ನು ಇದುವರೆಗೆ ಬೇರೆ ಯಾರೂ ಸಾಲು ಸಾಲಾಗಿ ಓದಿಲ್ಲ ಎಂದೇ ಅರ್ಥ. ಆ ಓದು ಸಮ್ಮೇಳನದ ವೇದಿಕೆಯ ಮೇಲೆ ಮೊದಲ ಸಲ ನಡೆಯಬಾರದು.

ಒಂದು ಎಚ್ಚರಿಕೆ. ಕಾಲೇಜಿನಲ್ಲಿ ಐಎಸ್‌ಬಿಎನ್ ಇರುವ ಸಂಪುಟ, ಸರ್ಟಿಫಿಕೇಟ್ ಕೇಳುತ್ತಾರೆಂದು ಸಿಕ್ಕ ಸಮ್ಮೇಳನಕ್ಕೆ ಕಳಿಸಬೇಡಿ. ವಾಣಿಜ್ಯ, ಇಂಜಿನಿಯರಿಂಗ್, ಯೋಗ ಎಲ್ಲ ಒಂದೇ ಸೂರಿನಡಿ. ಮೂರು ದಿನದಲ್ಲಿ 'ಸ್ವೀಕೃತ' ಎಂಬ ಉತ್ತರ. ಕಾರ್ಯಕ್ರಮ ಸಮಿತಿಯ ಹೆಸರುಗಳಿಲ್ಲ. ಶುಲ್ಕ ಕಟ್ಟಿದರೆ ಪ್ರಕಟಣೆ ಖಚಿತ. ಇವು ಅಂಥ ಜಾಗದ ಗುರುತು. ಅರ್ಥಶಾಸ್ತ್ರದ ಥಿಯರಿಯಲ್ಲಿ ಸಮ್ಮೇಳನದ ಸಂಪುಟಕ್ಕೆ ಬೆಲೆಯೇ ಇಲ್ಲ, ಬೆಲೆ ಇರುವುದು ಜರ್ನಲ್‌ಗೆ. ಸಂಪುಟದಲ್ಲಿ ಪೂರ್ತಿ ಅಚ್ಚಾದ ಪ್ರಬಂಧವನ್ನು ಆಮೇಲೆ ಜರ್ನಲ್ 'ಹೊಸದಲ್ಲ' ಎಂದು ಹಿಂತಿರುಗಿಸಬಹುದು. ಮೇಲೆ ಹೇಳಿದ ಎಸಿಎಂ ಸಮ್ಮೇಳನ ನಡಾವಳಿ ಪ್ರಕಟಿಸುತ್ತದೆ ನಿಜ, ಆದರೆ ಇದೇ ಕಾರಣಕ್ಕೆ ಒಂದು ಪುಟದ ಸಾರಾಂಶ ಮಾತ್ರ ಹಾಕುವ ಅವಕಾಶವನ್ನೂ ಲೇಖಕರಿಗೆ ಕೊಡುತ್ತದೆ. ಹರಾಜಿನ ಪ್ರಬಂಧ ಮುಂದೆ 'ಗೇಮ್ಸ್ ಅಂಡ್ ಎಕನಾಮಿಕ್ ಬಿಹೇವಿಯರ್', 'ಜರ್ನಲ್ ಆಫ್ ಎಕನಾಮಿಕ್ ಥಿಯರಿ'ಯಂಥ ಕಡೆ ಹೋಗಬೇಕೆಂದಿದ್ದರೆ ಆ ದಾರಿ ತೆರೆದೇ ಇರಲಿ.

ಸಲ್ಲಿಕೆಯ ಕೆಲಸ ಚಿಕ್ಕದು, ಎಡವುವವರು ಬಹಳ. ಥಿಯರಿ ಸಮ್ಮೇಳನಗಳು ಸಾಮಾನ್ಯವಾಗಿ ಪೂರ್ತಿ ಪ್ರಬಂಧದ ಪಿಡಿಎಫ್ ಕೇಳುತ್ತವೆ. ಅನೇಕ ಕಡೆ 'ಕಾನ್ಫರೆನ್ಸ್ ಮೇಕರ್' ಎಂಬ ಜಾಲವ್ಯವಸ್ಥೆಯ ಮೂಲಕವೇ ಹಾಕಬೇಕು. ಅಲ್ಲಿ ಸಾರಾಂಶ ಮತ್ತು ಜೆಇಎಲ್ ಸಂಕೇತಗಳಿಗೆ (ಅರ್ಥಶಾಸ್ತ್ರದ ವಿಷಯಗಳನ್ನು ವಿಂಗಡಿಸುವ ಗುರುತುಗಳು) ಪ್ರತ್ಯೇಕ ಜಾಗ. ಈ ಸಂಕೇತವನ್ನು ಹಗುರವಾಗಿ ಕಾಣಬೇಡಿ. ನಿಮ್ಮ ಪ್ರಬಂಧ ಯಾವ ಸಮಿತಿ ಸದಸ್ಯರ ಕೈಗೆ ಹೋಗುತ್ತದೆ, ಆಮೇಲೆ ಯಾವ ಸೆಷನ್‌ಗೆ ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ಮೊದಲು ಡಿ44, ಅದು ಹರಾಜು. ಆಮೇಲೆ ಡಿ82, ಅಂದರೆ ಅಸಮ ಮಾಹಿತಿ ಮತ್ತು ಮೆಕ್ಯಾನಿಸಂ ಡಿಸೈನ್. ಮೆಣಸಿನಕಾಯಿ ಇದೆಯೆಂದು ಕೃಷಿ ಮಾರುಕಟ್ಟೆಯ ಕ್ಯೂ13 ಅನ್ನು ಮೊದಲಿಗೆ ಹಾಕಿದರೋ, ದತ್ತಾಂಶ ಎಲ್ಲಿ ಎಂದು ಕೇಳುವವರ ನಡುವೆ ಹೋಗಿ ನಿಲ್ಲುತ್ತೀರಿ. ಅದು ಕೊನೆಯಲ್ಲಿರಲಿ.

ಸಾರಾಂಶ 100ರಿಂದ 150 ಪದ. ಸಮಿತಿಯವರ ಮುಂದೆ ಪ್ರಬಂಧಗಳ ರಾಶಿಯೇ ಇರುತ್ತದೆ, ಸಾರಾಂಶ ಮತ್ತು ಪೀಠಿಕೆಯ ಮೊದಲ ಎರಡು ಪುಟ ದಾಟಿ ಓದುವುದು ಅಪರೂಪ. ಹಾಗಾಗಿ 'ಈ ಪ್ರಬಂಧ ಇ-ಟೆಂಡರನ್ನು ಅಧ್ಯಯನ ಮಾಡುತ್ತದೆ' ಎಂಬಂಥ ವಾಕ್ಯ ವ್ಯರ್ಥ. 'ಮಾರುವವರು ಬಿಡ್ ನೋಡಿದ ಮೇಲೆ ತಿರಸ್ಕರಿಸಬಹುದಾದ, ಮುಚ್ಚಿದ ಬಿಡ್‌ನ ಹರಾಜಿನಲ್ಲಿ ಇಂಥ ಷರತ್ತಿದ್ದರೆ ಬಿಡ್‌ಗಳು ಇಷ್ಟು ತಗ್ಗುತ್ತವೆ' ಎಂದು ಫಲಿತಾಂಶವನ್ನೂ ಷರತ್ತನ್ನೂ ಒಟ್ಟಿಗೆ ಹೇಳುವ ವಾಕ್ಯ ಬೇಕು. ಗಣಿತದ ಮಾದರಿ 12ನೇ ಪುಟದಲ್ಲಿ ಶುರುವಾಗುತ್ತಿದ್ದರೆ ಅದನ್ನು 5ನೇ ಪುಟಕ್ಕೆ ತನ್ನಿ. ಹಿಂದಿನ ಕೃತಿಗಳ ಸಮೀಕ್ಷೆ ಅಷ್ಟು ಉದ್ದ ಬೇಕಿಲ್ಲ.

ಗಡುವಿನ ಗಂಟೆಯನ್ನೂ ನೋಡಿಕೊಳ್ಳಿ. ಅಮೆರಿಕದ ಪೂರ್ವ ತೀರದ ರಾತ್ರಿ 11:59 ಎಂದರೆ ನಮಗೆ ಮರುದಿನ ಬೆಳಿಗ್ಗೆ 9:29, ಅವರ ಚಳಿಗಾಲದಲ್ಲಿ 10:29. ಕಂಪ್ಯೂಟರ್ ಸೈನ್ಸ್‌ನವರು 'ಭೂಮಿಯ ಮೇಲೆ ಎಲ್ಲಾದರೂ' ಎಂಬ ಲೆಕ್ಕ ಇಡುತ್ತಾರೆ. ಅದು ನಮ್ಮ ಮರುದಿನ ಸಂಜೆ 5:29. ಬಹಳ ಸಮ್ಮೇಳನಗಳಲ್ಲಿ ಒಬ್ಬರು ಮಂಡಿಸಬಹುದಾದದ್ದು ಒಂದೇ ಪ್ರಬಂಧ. ಎಕನಾಮೆಟ್ರಿಕ್ ಸೊಸೈಟಿಯ ಸಮ್ಮೇಳನವಾದರೆ ಮಂಡಿಸುವವರು ಸದಸ್ಯರಾಗಿರಬೇಕು, ವಿದ್ಯಾರ್ಥಿಗಳಿಗೆ ದರ ಕಡಿಮೆ. ಮಾರ್ಗದರ್ಶಕರೂ ಸಹಲೇಖಕರಾಗಿದ್ದರೆ ಹೆಸರುಗಳು ಅಕಾರಾದಿಯಲ್ಲಿ ಬರುವುದು ಅರ್ಥಶಾಸ್ತ್ರದ ರೂಢಿ. ಮೊದಲ ಹೆಸರಿಗೆ ಹೆಚ್ಚು ಮರ್ಯಾದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಈಗ ಮಂಡನೆ. 20 ನಿಮಿಷಕ್ಕೆ ಹೆಚ್ಚೆಂದರೆ 14 ಸ್ಲೈಡ್. ಮೊದಲ 3 ನಿಮಿಷದಲ್ಲಿ ಪ್ರಶ್ನೆಯೂ ಉತ್ತರವೂ ಎರಡೂ ಬಂದುಬಿಡಬೇಕು. ಪತ್ತೇದಾರಿ ಕಾದಂಬರಿಯ ಹಾಗೆ ಫಲಿತಾಂಶವನ್ನು ಕೊನೆಗೆ ಕಾದಿರಿಸಿದರೆ ಕೇಳುವವರು ಅಲ್ಲಿಯವರೆಗೆ ಜೊತೆಗಿರುವುದಿಲ್ಲ. ಮಾದರಿಗೆ 5 ನಿಮಿಷ, ಸಂಖ್ಯೆಗಳಿರುವ ಚಿಕ್ಕ ಉದಾಹರಣೆಗೆ 4, ಪ್ರಮೇಯ ಮತ್ತು ಅದು ಏಕೆ ನಿಜ ಎಂಬುದಕ್ಕೆ 5, ಊಹೆ ಸಡಿಲಿಸಿದರೆ ಏನು ಎಂಬುದಕ್ಕೆ 2. ಒಂದು ನಿಮಿಷ ಕೈಯಲ್ಲಿರಲಿ. ಹಿಂದಿನ ಕೃತಿಗಳಿಗೆ ಪ್ರತ್ಯೇಕ ಸ್ಲೈಡ್ ಬೇಡ. ನಿಮ್ಮ ಪ್ರಮೇಯ ಯಾವ ಎರಡು ಪ್ರಬಂಧಗಳ ಪಕ್ಕದಲ್ಲಿ ಕೂರುತ್ತದೆಯೋ ಅವನ್ನು ಮಾತಿನಲ್ಲೇ ಹೇಳಿ.

ಆ ಚಿಕ್ಕ ಉದಾಹರಣೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ದುಡಿಯಿರಿ. ನಿಮ್ಮ ವಿಷಯಕ್ಕೆ ಅದು ಹೀಗಿರಬಹುದು. ಇಬ್ಬರು ವರ್ತಕರು, ಒಂದು ಲಾಟ್, ಅಂದರೆ ಒಟ್ಟಿಗೆ ಮಾರುವ ಸರಕಿನ ರಾಶಿ. ಇಬ್ಬರಿಗೂ ಅದರ ಮೌಲ್ಯ 0ಯಿಂದ 100ರ ನಡುವೆ ಎಲ್ಲಾದರೂ ಸಮಾನ ಸಂಭವದಿಂದ ಬಿದ್ದಿದೆ. ಪ್ರತಿಯೊಬ್ಬರಿಗೂ ತಮ್ಮದು ಮಾತ್ರ ಗೊತ್ತು. ಗೆದ್ದವರು ತಾವು ಬರೆದ ಬೆಲೆಯನ್ನೇ ಕೊಡಬೇಕೆಂದಿದ್ದರೆ (ಮೊದಲ ಬೆಲೆಯ ಹರಾಜು), ಸಮತೋಲನದಲ್ಲಿ (ಒಬ್ಬರೇ ಬಿಡ್ ಬದಲಿಸಿದರೆ ಲಾಭವಿಲ್ಲದ ಸ್ಥಿತಿಯಲ್ಲಿ) ಇಬ್ಬರೂ ತಮ್ಮ ಮೌಲ್ಯದ ಅರ್ಧ ಬರೆಯುತ್ತಾರೆ: 60 ಇದ್ದವರು 30. ದೊಡ್ಡ ಮೌಲ್ಯದ ಸರಾಸರಿ 66.67, ಅದರ ಅರ್ಧ 33.33, ಅದು ರೈತರ ಸರಾಸರಿ ಗಳಿಕೆ. ಗೆದ್ದವರು ಎರಡನೇ ಅತಿ ಹೆಚ್ಚಿನ ಬಿಡ್‌ನಷ್ಟೇ ಕೊಡುವ ಎರಡನೇ ಬೆಲೆಯ ಹರಾಜಾದರೆ ಎಲ್ಲರೂ ತಮ್ಮ ನಿಜ ಮೌಲ್ಯ ಬರೆಯುತ್ತಾರೆ, ರೈತರಿಗೆ ಸಿಗುವುದು ಚಿಕ್ಕ ಮೌಲ್ಯ. ಅದರ ಸರಾಸರಿಯೂ 33.33. ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದ ಸಮಾನತೆ ಇದೇ.

ಈಗ ರೈತರು 50ಕ್ಕಿಂತ ಕೆಳಗೆ ಕೊಡುವುದಿಲ್ಲ ಎಂದು ಮೊದಲೇ ಸಾರಿದರು ಎನ್ನಿ, ಲೆಕ್ಕಕ್ಕೆ ಎರಡನೇ ಬೆಲೆಯ ಹರಾಜನ್ನೇ ಹಿಡಿಯೋಣ. ಕಾಲು ಭಾಗ ಸಂದರ್ಭಗಳಲ್ಲಿ ಇಬ್ಬರೂ 50ರ ಕೆಳಗಿರುತ್ತಾರೆ, ಸರಕು ಹೋಗುವುದೇ ಇಲ್ಲ. ಅರ್ಧ ಸಂದರ್ಭಗಳಲ್ಲಿ ಒಬ್ಬರೇ ಮೇಲೆ, ಬೆಲೆ 50. ಉಳಿದ ಕಾಲು ಭಾಗದಲ್ಲಿ ಇಬ್ಬರೂ ಮೇಲೆ, ಬೆಲೆಯ ಸರಾಸರಿ 66.67. ಒಟ್ಟು 25 ಮತ್ತು 16.67, ಅಂದರೆ 41.67. ಹೀಗೆ ಮೊದಲೇ ಸಾರಿದ ಕನಿಷ್ಠ ಬೆಲೆಯಿಂದ, ಅಂದರೆ ಮೀಸಲು ಬೆಲೆಯಿಂದ, ಎಂಟಕ್ಕೂ ಹೆಚ್ಚು ಲಾಭ. ಇದಕ್ಕಿಂತ ಮೇಲಿನ ಗಳಿಕೆ ಯಾವ ವಿಧಾನದಿಂದಲೂ ಇಲ್ಲ ಎಂಬುದು ರೋಜರ್ ಮೈಯರ್ಸನ್ 1981ರಲ್ಲಿ ಕೊಟ್ಟ ಫಲಿತಾಂಶ. ಆದರೆ ಮೀಸಲು ಬೆಲೆಯ ಗೊಡವೆಯೇ ಇಲ್ಲದೆ ಮೂರನೇ ವರ್ತಕರೊಬ್ಬರು ಬಂದರೆ ಸರಾಸರಿ 50 ಆಗುತ್ತದೆ. ಬುಲೋ ಮತ್ತು ಕ್ಲೆಂಪರರ್ 1996ರಲ್ಲಿ ಸಾಧಿಸಿದ್ದು ಇದರ ಸಾಮಾನ್ಯ ರೂಪ. 33, 42, 50: ಈ ಮೂರು ಅಂಕಿಗಳನ್ನು ಒಂದು ಸ್ಲೈಡ್‌ನಲ್ಲಿ ಇಟ್ಟು, ನಿಮ್ಮ ಪ್ರಮೇಯ ಹೇಳುವ ನಾಲ್ಕನೇ ಅಂಕಿಯನ್ನು ಪಕ್ಕದಲ್ಲಿ ಬರೆದರೆ, ನೀವು ಏನು ಮಾಡಿದ್ದೀರಿ ಎಂಬುದು ಕೊನೆಯ ಸಾಲಿನವರಿಗೂ ತಿಳಿಯುತ್ತದೆ.

ಸ್ಲೈಡ್‌ಗಳನ್ನು ಬೀಮರ್ ಎಂಬ ತಂತ್ರಾಂಶದಲ್ಲಿ ಮಾಡುವುದು ಈ ಮಂದಿಯ ವಾಡಿಕೆ. ಸಾಲಿಗೊಂದರಂತೆ ಬಿಚ್ಚುವ 'ಪಾಸ್' ಆಜ್ಞೆಯನ್ನು ಅತಿಯಾಗಿ ಹಾಕಬೇಡಿ: 'ಎರಡು ಸ್ಲೈಡ್ ಹಿಂದೆ ಹೋಗಿ' ಎಂದು ಯಾರಾದರೂ ಕೇಳಿದಾಗ ಇಪ್ಪತ್ತು ಸಲ ಬಟನ್ ಒತ್ತಬೇಕಾಗುತ್ತದೆ. ಇಡೀ ಮಂಡನೆಯಲ್ಲಿ ಗಣಿತದ ಚಿಹ್ನೆಗಳು ಆರು ಮೀರದಿರಲಿ. ಪ್ರಬಂಧದಲ್ಲಿ ಇಪ್ಪತ್ತಿದ್ದರೂ ಸರಿಯೇ. ಕಪ್ಪುಹಲಗೆ ಇದ್ದರೆ ಚಿಹ್ನೆಗಳನ್ನು ಅದರ ಮೂಲೆಯಲ್ಲಿ ಬರೆದು ಬಿಡಿ, ಅಳಿಸಬೇಡಿ. ಪ್ರೂಫ್‌ನ ವಿವರ, ಎರಡಕ್ಕಿಂತ ಹೆಚ್ಚು ವರ್ತಕರ ಲೆಕ್ಕ, ಮೌಲ್ಯದ ಬೇರೆ ಸಂಭವ ಹಂಚಿಕೆಗಳು ಇವೆಲ್ಲ ಕೊನೆಯ ಸ್ಲೈಡ್ ದಾಟಿದ ಮೇಲೆ ಇರಲಿ, ಮುಖ್ಯ ಸ್ಲೈಡ್‌ನಿಂದ ಅಲ್ಲಿಗೆ ಒಂದೊಂದು ಕೊಂಡಿ ಹಾಕಿಡಿ.

ಪ್ರಶ್ನೆಗಳು ಕೊನೆಗೆ ಬರುತ್ತವೆ ಎಂದುಕೊಳ್ಳಬೇಡಿ. ಥಿಯರಿಯವರು ಎರಡನೇ ಸ್ಲೈಡ್‌ಗೇ ಕೈ ಎತ್ತುತ್ತಾರೆ. ಅದು ಅಸಡ್ಡೆಯಲ್ಲ, ಮಾದರಿ ಪೂರ್ತಿ ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೆ. ಒಂದು ವಾಕ್ಯದಲ್ಲಿ ಉತ್ತರಿಸಲಾಗುವುದಾದರೆ ಉತ್ತರಿಸಿ. ಮುಂದಿನ ಸ್ಲೈಡ್‌ನಲ್ಲಿ ಬರುವುದಾದರೆ ಹಾಗೆಂದು ಹೇಳಿ ಮುಂದುವರಿಯಿರಿ. ಎರಡೂ ಅಲ್ಲದಿದ್ದರೆ ಚಹಾ ವಿರಾಮಕ್ಕೆ ಬಿಡಿ.

ಬ್ಯಾಡಗಿಯ ಪ್ರಬಂಧಕ್ಕೆ ಯಾವ ಪ್ರಶ್ನೆಗಳು ಬರುತ್ತವೆ ಎಂದು ಈಗಲೇ ಹೇಳಬಹುದು. ಕರ್ನಾಟಕದ ಎಪಿಎಂಸಿಗಳು 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಗೆ ಬಂದಾಗಿನಿಂದ ವರ್ತಕರು ಪ್ರತಿ ಲಾಟ್‌ಗೂ ಕಂಪ್ಯೂಟರಿನಲ್ಲಿ ಗುಟ್ಟಾಗಿ ಬೆಲೆ ಹಾಕುತ್ತಾರೆ, ನಿಗದಿತ ಹೊತ್ತಿಗೆ ಅತಿ ಹೆಚ್ಚು ಬರೆದವರ ಹೆಸರು ಹೊರಬೀಳುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತರು ಬೇಡ ಎನ್ನಬಹುದು. ಸಭಿಕರಿಗೆ ಇಷ್ಟು ಹೇಳಿದ ಕ್ಷಣವೇ ಮೊದಲ ಪ್ರಶ್ನೆ ಬರುತ್ತದೆ: ಹಾಗಾದರೆ ಮೀಸಲು ಬೆಲೆಯನ್ನು ಮೊದಲೇ ಸಾರಿ ಅದಕ್ಕೆ ಕಟ್ಟುಬೀಳುವುದು ಇಲ್ಲಿ ಎಲ್ಲಿದೆ? ಮೇಲಿನ 41.67 ನಿಂತಿರುವುದೇ ಇದರ ಮೇಲೆ. ಕಾಲು ಭಾಗ ಸಂದರ್ಭಗಳಲ್ಲಿ ಸರಕನ್ನು ಮನೆಗೆ ಒಯ್ಯುತ್ತೇನೆ ಎಂಬ ಮಾತನ್ನು ರೈತರು ಉಳಿಸಿಕೊಳ್ಳಬೇಕು. ಮುಂದಿನ ಟೆಂಡರಿಗೆ ಅದೇ ಚೀಲಗಳು ಕಡಿಮೆ ಬೆಲೆಗೆ ಮತ್ತೆ ಬರುತ್ತವೆ ಎಂದು ವರ್ತಕರಿಗೆ ಗೊತ್ತಿದ್ದರೆ, 55 ಮೌಲ್ಯದವರು ಇವತ್ತು 50 ಕೊಡದೆ ಕಾಯುತ್ತಾರೆ. ನಿಮ್ಮ ಮಾದರಿ ಒಂದೇ ದಿನದ್ದಾಗಿದ್ದರೆ ಏಕೆ ಹಾಗೆ ಎಂಬುದಕ್ಕೆ ಉತ್ತರ ಸಿದ್ಧವಿರಲಿ.

ಎರಡನೆಯದು ಮೌಲ್ಯದ ಸ್ವರೂಪ. ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿ ಖಾರಕ್ಕಲ್ಲ, ಬಣ್ಣಕ್ಕೆ. ಬಣ್ಣ ತೆಗೆಯುವ ಕಾರ್ಖಾನೆಗಳು ಅದರ ದೊಡ್ಡ ಗಿರಾಕಿ. ಒಂದು ಲಾಟ್‌ನ ಬಣ್ಣ, ತೇವಾಂಶ ನಿಜವಾಗಿ ಎಷ್ಟು ಎಂಬುದು ಎಲ್ಲ ವರ್ತಕರಿಗೂ ಒಂದೇ, ಅಂದಾಜು ಮಾತ್ರ ಬೇರೆ ಬೇರೆ. ಅಂದಮೇಲೆ ಮೌಲ್ಯ ಪೂರ್ತಿ ಖಾಸಗಿಯಲ್ಲ. ಅತಿ ಹೆಚ್ಚು ಅಂದಾಜು ಮಾಡಿದವರೇ ಗೆಲ್ಲುವುದರಿಂದ ಗೆದ್ದವರು ನಷ್ಟಕ್ಕೆ ಬೀಳುವ ಭಯವಿದೆ, ಅದಕ್ಕಾಗಿ ಎಲ್ಲರೂ ಬಿಡ್ ತಗ್ಗಿಸುತ್ತಾರೆ. ಇಂಥ ಕಡೆ ಮುಚ್ಚಿದ ಟೆಂಡರಿಗಿಂತ ಬಹಿರಂಗ ಏರು ಹರಾಜು ಸರಾಸರಿಯಲ್ಲಿ ಹೆಚ್ಚು ತರುತ್ತದೆ, ಕಡಿಮೆಯಂತೂ ಅಲ್ಲ ಎಂಬುದು ಮಿಲ್‌ಗ್ರಾಂ ಮತ್ತು ವೆಬರ್ 1982ರಲ್ಲಿ ಕೊಟ್ಟ ಉತ್ತರ. ನೀವು ಖಾಸಗಿ ಮೌಲ್ಯದ ಮಾದರಿಯನ್ನೇ ಹಿಡಿದಿದ್ದರೆ 'ಸರಳತೆಗಾಗಿ' ಎನ್ನಬೇಡಿ. ವರ್ತಕರ ಕೈಯಲ್ಲಿರುವ ಆರ್ಡರ್‌ಗಳು ಬೇರೆ ಬೇರೆ, ಆ ವ್ಯತ್ಯಾಸವೇ ನಿಮ್ಮ ಮಾದರಿಯ ತಿರುಳು ಎಂದು ಹೇಳಿ. ಅದು ಸಮರ್ಥಿಸಬಹುದಾದ ನಿಲುವು.

ಮೂರನೆಯದು, ರೈತರಿಗೆ ಸರಕು ಉಳಿದರೆ ಮೌಲ್ಯ ಸೊನ್ನೆಯೇ? ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ, ಸೊನ್ನೆ ಎನ್ನಲಾಗದು. ಉದಾಹರಣೆಯಲ್ಲಿ ಅದು 20 ಎಂದಿಟ್ಟರೆ ಸರಿಯಾದ ಮೀಸಲು ಬೆಲೆ 50 ಅಲ್ಲ, 60: ನೂರಕ್ಕೆ ಇಪ್ಪತ್ತು ಕೂಡಿಸಿ ಅರ್ಧ ಮಾಡಬೇಕು. ಇದನ್ನು ಹೆಚ್ಚುವರಿ ಸ್ಲೈಡ್‌ನಲ್ಲಿ ಇಟ್ಟುಕೊಳ್ಳಿ. ನಾಲ್ಕನೆಯದು ವರ್ತಕರ ಒಳ ಒಪ್ಪಂದ. ಎರಡನೇ ಬೆಲೆಯ ಹರಾಜಿನಲ್ಲಿ ಇಂಥ ಕೂಟ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಮಾತು ಮುರಿದವರಿಗೆ ಲಾಭವಿಲ್ಲ. ಮೊದಲ ಬೆಲೆಯ ಗುಟ್ಟಿನ ಟೆಂಡರಿನಲ್ಲಿ ಕೂಟದ ಸದಸ್ಯರೊಬ್ಬರು ಸ್ವಲ್ಪ ಹೆಚ್ಚು ಬರೆದು ಲಾಟ್ ಎಗರಿಸಬಹುದು. ಆದರೆ ಅದೇ ವರ್ತಕರು ವಾರ ವಾರ ಎದುರಾಗುತ್ತಾರೆ, ಆಗ ಲೆಕ್ಕ ಬೇರೆ. ಐದನೆಯದು ಬಹುಶಃ ಅತ್ಯಂತ ಕಷ್ಟದ್ದು: ದಿನಕ್ಕೆ ಸಾವಿರಾರು ಲಾಟ್ ಏಕಕಾಲಕ್ಕೆ ಟೆಂಡರಿಗೆ ಬರುವಾಗ ಒಂದು ಲಾಟ್‌ನ ಮಾದರಿ ಏನು ಹೇಳುತ್ತದೆ? ಇದಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಸುಲಭವಾಗಿಲ್ಲ. 'ಪ್ರತಿ ವರ್ತಕರ ಅಗತ್ಯಕ್ಕೆ ಮಿತಿ ಇಲ್ಲದಿದ್ದರೆ ಲಾಟ್‌ಗಳು ಬೇರ್ಪಡುತ್ತವೆ, ಮಿತಿ ಇದ್ದರೆ ಇಲ್ಲ' ಎಂದು ಗಡಿಯನ್ನು ನೀವೇ ಗುರುತಿಸಿಬಿಡಿ.

ಪ್ರೂಫ್‌ನಲ್ಲಿ ಯಾರಾದರೂ ತೂತು ತೋರಿಸಿದರೆ ವೇದಿಕೆಯ ಮೇಲೆ ವಾದಕ್ಕಿಳಿಯಬೇಡಿ. ಇಬ್ಬರು ವರ್ತಕರು, ಮೌಲ್ಯಕ್ಕೆ ಸಮಾನ ಸಂಭವ ಎಂಬ ವಿಶೇಷ ಸಂದರ್ಭದ ಪ್ರೂಫ್ ಪ್ರತ್ಯೇಕವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ನಿಮ್ಮ ಬಳಿ ಇರಬೇಕು. 'ಆ ಹೆಜ್ಜೆಯನ್ನು ನೋಡುತ್ತೇನೆ, ಈ ಸಂದರ್ಭದಲ್ಲಂತೂ ಫಲಿತಾಂಶ ನಿಲ್ಲುತ್ತದೆ' ಎಂದು ಅಲ್ಲಿಗೆ ಸರಿಯಿರಿ. ತೂತುಗಳು ಸಾಮಾನ್ಯವಾಗಿ ಬೀಳುವ ಜಾಗಗಳೂ ಗೊತ್ತಿರುವಂಥವೇ: ಇಬ್ಬರ ಬಿಡ್ ಸಮ ಬಂದಾಗ ಏನೆಂದು ಹೇಳಿರುವುದಿಲ್ಲ, ಬಿಡ್ ಸೂತ್ರ ಏರುಮುಖ ಎಂದು ಮೊದಲೇ ಊಹಿಸಿ ಆಮೇಲೆ ಅದನ್ನೇ ಸಾಧಿಸಿರುತ್ತಾರೆ, ಮೊದಲ ಹಂತದ ಷರತ್ತು (ಲಾಭದ ಇಳಿಜಾರು ಸೊನ್ನೆ ಎಂಬುದು) ಬರೆದು ಅದು ಗರಿಷ್ಠವೇ ಎಂದು ಪರೀಕ್ಷಿಸಿರುವುದಿಲ್ಲ, ಸಮತೋಲನ ಇದೆ ಎಂದು ತೋರಿಸಿ, ಅದೊಂದೇ ಎಂಬಂತೆ ಮುಂದೆ ಬಳಸಿರುತ್ತಾರೆ. ಕಳಿಸುವ ಮುನ್ನ ನಿಮ್ಮ 38 ಪುಟವನ್ನು ಈ ನಾಲ್ಕಕ್ಕಾಗಿಯೇ ಒಮ್ಮೆ ಓದಿ.

ಉಳಿದದ್ದು ಸಣ್ಣ ವ್ಯವಸ್ಥೆ. ನಿಮ್ಮ ಪ್ರಬಂಧಕ್ಕೆ ಚರ್ಚಕರನ್ನು ನೇಮಿಸಿದ್ದರೆ ಎರಡು ವಾರ ಮುಂಚೆ ಅಂತಿಮ ಪ್ರತಿ ಕಳಿಸಿ, ಆಮೇಲೆ ಪ್ರಮೇಯ ಬದಲಿಸಬೇಡಿ. ಅನೇಕ ಕಡೆ ಸೆಷನ್‌ನ ಕೊನೆಯ ಮಂಡನಕಾರರೇ ಅಧ್ಯಕ್ಷರಾಗಿರುತ್ತಾರೆ. ಆ ಪಾಳಿ ನಿಮ್ಮದಾದರೆ ಉಳಿದವರ ಸಮಯ ಹಿಡಿಯುವ ಕೆಲಸವೂ ನಿಮ್ಮದೇ. ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲೂ ಮೇಲ್‌ನಲ್ಲೂ ಇಟ್ಟುಕೊಳ್ಳಿ. ಪ್ರಯಾಣ ವೆಚ್ಚಕ್ಕೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಸ್ವೀಕೃತಿ ಪತ್ರ ಬೇಕಾಗುತ್ತದೆ. ಮಂಜೂರಾತಿ ನಿಧಾನ, ಪತ್ರ ಬಂದ ದಿನವೇ ಹಾಕಿ.

ಮುಗಿದ ಮೇಲೆ ಒಂದು ವಾರದೊಳಗೆ, ಪ್ರಶ್ನೆ ಕೇಳಿದವರಿಗೆ ಚಿಕ್ಕ ಮೇಲ್ ಬರೆಯಿರಿ: ಅವರ ಪ್ರಶ್ನೆ, ನಿಮ್ಮ ಉತ್ತರ, ಪ್ರಬಂಧದ ಯಾವ ಪುಟದಲ್ಲಿ ಬದಲಾವಣೆ. ತಿದ್ದಿದ ಪ್ರತಿಯ ಮೊದಲ ಪುಟದ ಅಡಿಟಿಪ್ಪಣಿಯಲ್ಲಿ ಅವರ ಹೆಸರು, ಸಮ್ಮೇಳನದ ಹೆಸರು, ತಲೆಬರಹದ ಕೆಳಗೆ ಪ್ರತಿಯ ದಿನಾಂಕ ಹಾಕಿ ಪ್ರಬಂಧಗಳನ್ನು ಮುಕ್ತವಾಗಿ ಇಡುವ ಆರ್ಕೈವ್ (arXiv) ಜಾಲತಾಣದ ಸೈದ್ಧಾಂತಿಕ ಅರ್ಥಶಾಸ್ತ್ರ ವಿಭಾಗಕ್ಕೆ ಏರಿಸಿ. ಜರ್ನಲ್‌ನ ಪರಿಶೀಲಕರು ಆ ಸೆಷನ್‌ನಲ್ಲಿ ಕೂತಿದ್ದವರೇ ಆಗಿರುವ ಸಂಭವ ಕಡಿಮೆಯೇನಲ್ಲ, ಅವರು ಮೊದಲು ಹುಡುಕುವುದು ತಾವು ಅಂದು ಕೇಳಿದ್ದಕ್ಕೆ ಉತ್ತರ ಸೇರಿದೆಯೇ ಎಂದು.